ಮಿಡ್ಲ್ ಸ್ಕೂಲಲ್ಲಿ ಆನರ್ಸ್ ಕ್ಲಾಸ್ ಬೇಕಾ, ಬೇಡ್ವಾ? ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ಕೊನೆಗೆ ನಡೆಯುವ ಒಂದು ಕನ್ನಡ ಶಾಲೆಯಲ್ಲಿ ನಾನು ಕೈಜೋಡಿಸುತ್ತೇನೆ. ಮಕ್ಕಳು ಒಳಗೆ ಒತ್ತಕ್ಷರ ತಿದ್ದುತ್ತಿದ್ದರೆ, ಹೊರಗೆ ಕಾರಿಡಾರಿನಲ್ಲಿ ಅಪ್ಪ-ಅಮ್ಮಂದಿರು ಕಾಫಿ ಫ್ಲಾಸ್ಕ್ ಹಿಡಿದು ಕೂತಿರುತ್ತಾರೆ. ಜನವರಿ ಬಂತೆಂದರೆ ಅಲ್ಲಿ ಒಂದೇ ಮಾತು. ಮುಂದಿನ ವರ್ಷದ ಕೋರ್ಸ್ ಆಯ್ಕೆಯ ಫಾರ್ಮ್ ಬಂದಿದೆ, ಆನರ್ಸ್ ಅಂತ ಟಿಕ್ ಹಾಕೋದಾ ಬೇಡವಾ? ಹಾಗೆ ಕೇಳಿದ ಪ್ರಶ್ನೆಗಳನ್ನು, ಆಮೇಲೆ ಮೆಸೇಜಿನಲ್ಲಿ ಬಂದವನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ನಾನು ಸ್ಕೂಲಿನಲ್ಲಿ ಕೋರ್ಸ್ ಆರಿಸಲು ಸಲಹೆ ಕೊಡುವ ಕೌನ್ಸೆಲರ್ ಅಲ್ಲ. ಇಬ್ಬರು ಮಕ್ಕಳನ್ನು ಈ ದಾರಿಯಲ್ಲಿ ದಾಟಿಸಿದವಳು, ಅಷ್ಟೇ.

## ಮೊದಲು ತಿಳಿಯಬೇಕಾದ್ದು

ಆನರ್ಸ್ ಅಂದ್ರೆ ನಮ್ಮೂರಿನ 'ಎ ಸೆಕ್ಷನ್' ಥರಾನಾ?

ಅಲ್ಲ. ನಮ್ಮಲ್ಲಿ ಎ ಸೆಕ್ಷನ್ ಅಂದರೆ ಎಲ್ಲ ವಿಷಯಕ್ಕೂ ಅದೇ ಮಕ್ಕಳು, ಅದೇ ಬೆಂಚು. ಇಲ್ಲಿ ವಿಷಯಕ್ಕೊಂದು ಕ್ಲಾಸು. ಒಂದೇ ಮಗು ಗಣಿತದಲ್ಲಿ ಆನರ್ಸ್ ತಗೊಂಡು ಇಂಗ್ಲಿಷಿನಲ್ಲಿ ಮಾಮೂಲಿ ಕ್ಲಾಸಿನಲ್ಲಿ ಇರಬಹುದು. ಬೆಲ್ ಹೊಡೆದಾಗ ರೂಮು ಬದಲಾಗುತ್ತದೆ, ಜೊತೆಯ ಮಕ್ಕಳೂ ಬದಲಾಗುತ್ತಾರೆ.

'ಆನರ್ಸ್' ಅನ್ನೋ ಹೆಸರೇ ನಮ್ಮ ದಾರಿ ತಪ್ಪಿಸುತ್ತದೆ. ಬಹುಮಾನ ಕೊಟ್ಟ ಹಾಗೆ ಕೇಳಿಸುತ್ತದೆ, ಅಲ್ವಾ? ನಿಜಕ್ಕೂ ಅದು ಒಂದು ವೇಳಾಪಟ್ಟಿ. ಅದೇ ಪಾಠ ಇನ್ನಷ್ಟು ಬೇಗ, ಅಥವಾ ಇನ್ನಷ್ಟು ಆಳವಾಗಿ. ಯಾವುದು ಅನ್ನೋದು ಸ್ಕೂಲಿಗೆ ಬಿಟ್ಟದ್ದು. ಎರಡೂ ಇಲ್ಲದೆ, ಸುಮ್ನೆ ಹೋಮ್‌ವರ್ಕ್ ಮಾತ್ರ ಜಾಸ್ತಿ ಇರುವ ಆನರ್ಸ್ ಕ್ಲಾಸುಗಳನ್ನೂ ನೋಡಿದ್ದೇನೆ.

ಅಕ್ಕನ ಊರಲ್ಲಿ ಆರನೇ ಕ್ಲಾಸಿಂದಾನೇ ಆನರ್ಸ್ ಇದೆ, ನಮ್ಮಲ್ಲಿ ಯಾಕಿಲ್ಲ?

ಇಡೀ ದೇಶಕ್ಕೆ ಒಂದು ಪಠ್ಯಕ್ರಮ ಇಲ್ಲ. ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗಳು, ಪ್ರತಿಯೊಂದಕ್ಕೂ ಅದರದೇ ನಿಯಮ. ಮಿಡ್ಲ್ ಸ್ಕೂಲ್ ಅಂದರೆ ಸಾಮಾನ್ಯವಾಗಿ 6ರಿಂದ 8, ಕೆಲವು ಕಡೆ 5ರಿಂದ, ಕೆಲವು ಕಡೆ ಬರೀ 7 ಮತ್ತು 8. ಆನರ್ಸ್ ಹೀಗೇ ಇರಬೇಕು ಅಂತ ಯಾರೂ ಹೇಳಿಲ್ಲ. ಒಂದು ಕಡೆ 'ಅಡ್ವಾನ್ಸ್ಡ್', ಇನ್ನೊಂದು ಕಡೆ 'ಆಕ್ಸಲರೇಟೆಡ್', ಮತ್ತೊಂದು ಕಡೆ 'ಕಂಪ್ಯಾಕ್ಟೆಡ್'. ಹಾಗಾಗಿ ಅಕ್ಕನ ಸಲಹೆಯನ್ನು ಕೇಳಿಸಿಕೊಳ್ಳಿ, ಆದರೆ ನಿಮ್ಮ ಡಿಸ್ಟ್ರಿಕ್ಟಿನ ಕೋರ್ಸ್ ಕ್ಯಾಟಲಾಗ್ ತೆಗೆದು ಓದಿ.

ಗಿಫ್ಟೆಡ್, ಆನರ್ಸ್, ಎಪಿ ಎಲ್ಲಾ ಒಂದೇನಾ?

ಬೇರೆ ಬೇರೆ. ಗಿಫ್ಟೆಡ್ ಅನ್ನುವುದು ಪರೀಕ್ಷೆ ಮಾಡಿ ಮಗುವಿಗೆ ಕೊಡುವ ಗುರುತು. ಅದಕ್ಕೆ ಹೆಚ್ಚಾಗಿ ಕಾಗ್ಯಾಟ್‌ನಂಥ ಟೆಸ್ಟ್ ಇರುತ್ತದೆ. ಆನರ್ಸ್ ಅನ್ನುವುದು ಕ್ಲಾಸಿನ ಹೆಸರು. ಎಪಿ ಹೈಸ್ಕೂಲಿನದು, ಅಂದರೆ 9ರಿಂದ 12ರದು. ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ನಡೆಸುವ ಕಾಲೇಜು ಮಟ್ಟದ ಕೋರ್ಸು, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಮಿಡ್ಲ್ ಸ್ಕೂಲಿನಲ್ಲಿ ಆನರ್ಸ್ ಇರಲಿಲ್ಲ ಅಂತ ಹೈಸ್ಕೂಲಿನ ಎಪಿಯ ಬಾಗಿಲು ಮುಚ್ಚುವುದಿಲ್ಲ. ಗಣಿತಕ್ಕೆ ಮಾತ್ರ ಸ್ವಲ್ಪ ಲೆಕ್ಕಾಚಾರ ಬೇಕು, ಅದನ್ನು ಕೆಳಗೆ ಹೇಳಿದ್ದೇನೆ.

ಆರನೇ ಕ್ಲಾಸಿನ ಗ್ರೇಡ್ ಕಾಲೇಜಿನವರು ನೋಡ್ತಾರಾ?

ಇಲ್ಲ. ಕಾಲೇಜಿಗೆ ಹೋಗುವ ಟ್ರಾನ್ಸ್‌ಕ್ರಿಪ್ಟ್ (ಗ್ರೇಡುಗಳ ದಾಖಲೆ) ಶುರುವಾಗುವುದು 9ರಿಂದ. ಆರನೇ ಕ್ಲಾಸಿನ ಸೋಷಿಯಲ್ ಸ್ಟಡೀಸ್‌ನಲ್ಲಿ ಬಂದ ಬಿ ಯಾವ ಕಾಲೇಜಿಗೂ ಗೊತ್ತಾಗುವುದಿಲ್ಲ. ಇದನ್ನು ಕೇಳಿದ ಮೇಲೆ ಅರ್ಧ ಜನ ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ. ಇದಕ್ಕೆ ಒಂದೇ ಅಪವಾದ, ಮಿಡ್ಲ್ ಸ್ಕೂಲಿನಲ್ಲೇ ತಗೊಳ್ಳುವ ಹೈಸ್ಕೂಲ್ ಮಟ್ಟದ ಕೋರ್ಸು. ಆಲ್ಜೀಬ್ರಾ 1, ಜಿಯಾಮೆಟ್ರಿ, ಸ್ಪ್ಯಾನಿಷ್ 1 ಇಂಥವು.

## ಆಯ್ಕೆಯ ಹೊತ್ತು

ಸ್ಕೂಲಿನವರು ಯಾವ ಲೆಕ್ಕದಲ್ಲಿ ಆರಿಸ್ತಾರೆ?

ಸಾಮಾನ್ಯವಾಗಿ ನಾಲ್ಕು ವಿಷಯ ನೋಡುತ್ತಾರೆ: ಹಿಂದಿನ ಗ್ರೇಡು, ರಾಜ್ಯದ ಪರೀಕ್ಷೆ, ಮ್ಯಾಪ್ ಅಥವಾ ಐ-ರೆಡಿಯಂಥ ಟೆಸ್ಟಿನ ಅಂಕ, ಟೀಚರ್ ಮಾತು. ಕೆಲವು ಕಡೆ ಆಲ್ಜೀಬ್ರಾಗೆ ಅಂತಲೇ ಬೇರೆ ಪರೀಕ್ಷೆ ಇರುತ್ತದೆ. ಇನ್ನು ಕೆಲವು ಕಡೆ ಯಾವ ಅಡ್ಡಿಯೂ ಇಲ್ಲ, ಬೇಕು ಅಂದವರು ಸೇರಬಹುದು.

ಟೀಚರ್ ಮಾತೊಂದರ ಮೇಲೇ ನಿಂತರೆ ಬಾಯಿ ಸತ್ತ ಮಕ್ಕಳು ತಪ್ಪಿಹೋಗುತ್ತಾರೆ. ಅದಕ್ಕೇ ಕೆಲವು ರಾಜ್ಯಗಳು ಕಾನೂನನ್ನೇ ಮಾಡಿವೆ. ಟೆಕ್ಸಸ್‌ನಲ್ಲಿ 2023ರ ಕಾನೂನಿನ ಪ್ರಕಾರ, 5ನೇ ತರಗತಿಯ ರಾಜ್ಯ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇ 40ರೊಳಗೆ ಬಂದ ಮಗುವನ್ನು 6ರಲ್ಲಿ ಅಡ್ವಾನ್ಸ್ಡ್ ಗಣಿತಕ್ಕೆ ತಾನಾಗಿಯೇ ಸೇರಿಸಬೇಕು. ಬೇಡ ಅಂದರೆ ಪೋಷಕರು ಬರೆದುಕೊಡಬೇಕು. ನಾರ್ತ್ ಕ್ಯಾರೊಲಿನಾದಲ್ಲೂ 2018ರಿಂದ ಇಂಥದ್ದೇ ನಿಯಮವಿದೆ, ಪರೀಕ್ಷೆಯಲ್ಲಿ ಅತಿ ಮೇಲಿನ ಹಂತ ಮುಟ್ಟಿದವರಿಗೆ. ನೀವು ಆ ರಾಜ್ಯಗಳಲ್ಲಿದ್ದರೆ ಪ್ರಶ್ನೆಯೇ ತಿರುಗುತ್ತದೆ. 'ಸೇರಿಸೋದಾ' ಅಲ್ಲ, 'ಬಿಡಿಸೋದಾ'.

ನಮ್ಮ ಮಗು ಇದಕ್ಕೆ ತಯಾರಿದೆಯಾ ಅಂತ ಮನೇಲಿ ಹೇಗೆ ಗೊತ್ತಾಗತ್ತೆ?

ಅಂಕ ನೋಡಬೇಡಿ. ಮಗು ಸಿಕ್ಕಿಕೊಂಡಾಗ ಏನು ಮಾಡುತ್ತದೆ ನೋಡಿ. ಎಂದೂ ನೋಡಿರದ ಒಂದು ಲೆಕ್ಕ ಕೊಟ್ಟು, ಹದಿನೈದು ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂತಿರಿ. ಒಂದು ದಾರಿ ಹಿಡಿದು, ಅದು ಆಗದೆ ಇನ್ನೊಂದು ದಾರಿ ಹುಡುಕಿದರೆ, ಉತ್ತರ ಬರದಿದ್ದರೂ ಪರವಾಗಿಲ್ಲ. ಎರಡನೇ ನಿಮಿಷಕ್ಕೇ 'ನಮಗೆ ಇದು ಹೇಳಿಕೊಟ್ಟಿಲ್ಲ' ಅಂತ ಪೆನ್ಸಿಲ್ ಕೆಳಗಿಟ್ಟರೆ, ನೂರಕ್ಕೆ ನೂರು ತೆಗೆಯುವ ಮಗುವಾದರೂ ಸ್ವಲ್ಪ ಯೋಚಿಸಿ.

ನನ್ನ ಮಗನಿಗೆ ಆರನೇ ಕ್ಲಾಸಿನವರೆಗೂ ಎಲ್ಲದರಲ್ಲೂ 95ರ ಮೇಲೆ. ಏಳರ ಆನರ್ಸ್ ಗಣಿತದಲ್ಲಿ ಮೊದಲ ಟೆಸ್ಟಿಗೆ 61 ಬಂತು. ಆ ಪೇಪರ್ ನನಗೆ ಸಿಕ್ಕಿದ್ದು ಮೂರು ವಾರದ ಮೇಲೆ, ಬ್ಯಾಗಿನ ತಳದಲ್ಲಿ, ಕಪ್ಪಾದ ಬಾಳೆಹಣ್ಣಿನ ಜೊತೆ ಅಂಟಿಕೊಂಡು. ಅವನಿಗೆ ಗಣಿತ ಬರುತ್ತಿರಲಿಲ್ಲ ಅಂತಲ್ಲ. ಗೊತ್ತಿಲ್ಲ ಅಂತ ಹೇಳಿ ಅಭ್ಯಾಸವೇ ಇರಲಿಲ್ಲ. ವಾರಕ್ಕೊಮ್ಮೆ ಟೀಚರ್ ಹತ್ತಿರ ಹೋಗಿ ಒಂದಾದರೂ ಪ್ರಶ್ನೆ ಕೇಳಿ ಬರಬೇಕು ಅಂತ ಮಾಡಿದೆವು. ಡಿಸೆಂಬರ್ ಹೊತ್ತಿಗೆ ಸರಿಹೋಯಿತು.

ಎರಡನೆಯದಾಗಿ ನೋಡಬೇಕಾದ್ದು ಅಚ್ಚುಕಟ್ಟು. 6ಕ್ಕೆ ಬಂದ ಮಗುವಿಗೆ ಮೊದಲ ಸಲ ಆರೇಳು ಟೀಚರುಗಳು, ಲಾಕರು, ದಿನಕ್ಕೊಂದು ಡ್ಯೂ ಡೇಟು. ಬುಕ್ಕು ಮರೆತು ಬರುವ ಮಗುವಿಗೆ ಮೊದಲ ವರ್ಷ ಮೂರು ಆನರ್ಸ್ ತಲೆ ಮೇಲೆ ಹೊರಿಸಬೇಡಿ. ಒಂದು ಸಾಕು.

ಟೀಚರ್ 'ರೆಕಮೆಂಡ್ ಮಾಡಲ್ಲ' ಅಂದ್ರು. ಜಗಳ ಮಾಡೋದಾ, ಸುಮ್ನಿರೋದಾ?

ಎರಡೂ ಬೇಡ. ಮೊದಲು ಇಮೇಲಿನಲ್ಲಿ ಮೂರು ಪ್ರಶ್ನೆ ಕೇಳಿ. ಯಾವ ಅಂಕಗಳನ್ನು ನೋಡಿದಿರಿ? ಕಟ್-ಆಫ್ ಎಷ್ಟಿತ್ತು, ನಮ್ಮ ಮಗುವಿಗೆ ಎಷ್ಟು ಬಂತು? ಮತ್ತೊಮ್ಮೆ ಪರಿಶೀಲಿಸಿ ಅಂತ ಕೇಳಿಕೊಳ್ಳುವ ದಾರಿ ಯಾವುದು? ಮಗುವಿನ ದಾಖಲೆಗಳನ್ನು ನೋಡುವ ಹಕ್ಕು ನಿಮಗಿದೆ. ಅದು ಫೆರ್ಪಾ ಅನ್ನುವ 1974ರ ಕಾನೂನು. ಕೇಳಿದ 45 ದಿನದೊಳಗೆ ತೋರಿಸಬೇಕು. ಅದರ ಹೆಸರೆತ್ತುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ, ಮೆತ್ತಗೆ ಕೇಳಿದರೇ ಕೊಡುತ್ತಾರೆ.

ಬಹಳ ಕಡೆ 'ವೇವರ್' ಫಾರ್ಮ್ ಇದೆ. ಸ್ಕೂಲಿನ ಸಲಹೆ ಮೀರಿ ಸೇರಿಸುತ್ತಿದ್ದೇವೆ ಅಂತ ಸಹಿ ಹಾಕುವುದು. ಸಹಿ ಹಾಕುವ ಮೊದಲು ಸಣ್ಣಕ್ಷರ ಓದಿ. ವರ್ಷದ ನಡುವೆ ಇಳಿಯುವ ಹಾಗಿಲ್ಲ ಅಂತ ಕೆಲವರು ಬರೆದಿರುತ್ತಾರೆ. ಟೀಚರ್ ಬೇಡ ಅಂದಿದ್ದಕ್ಕೆ ಕಾರಣ 'ಹೋಮ್‌ವರ್ಕ್ ಕೊಡಲ್ಲ' ಅಂತಾದರೆ ಅದನ್ನು ಮನೆಯಲ್ಲಿ ಸರಿಪಡಿಸಬಹುದು. 'ಭಿನ್ನರಾಶಿ ಇನ್ನೂ ಗಟ್ಟಿಯಾಗಿಲ್ಲ' ಅಂದರೆ ನಾನಾಗಿದ್ದರೆ ಟೀಚರ್ ಮಾತು ಕೇಳುತ್ತೇನೆ.

ಬೆಂಗಳೂರಿಂದ ಈಗಷ್ಟೇ ಬಂದಿದ್ದೇವೆ. ಮಗಳಿಗೆ ಯಾವ ಕ್ಲಾಸ್ ಕೇಳಲಿ?

ಹಳೇ ಸ್ಕೂಲಿನ ಮಾರ್ಕ್ಸ್ ಕಾರ್ಡ್ ನೋಡಿ ಕೌನ್ಸೆಲರ್‌ಗೆ ಏನೂ ಅರ್ಥವಾಗುವುದಿಲ್ಲ. ಸುರಕ್ಷಿತವಾಗಿರಲಿ ಅಂತ ಮಾಮೂಲಿ ಕ್ಲಾಸಿಗೆ ಹಾಕಿಬಿಡುತ್ತಾರೆ. ಸೇರಿಸುವ ದಿನವೇ ಗಣಿತದ ಪ್ಲೇಸ್‌ಮೆಂಟ್ ಟೆಸ್ಟ್ ಕೊಡಿ ಅಂತ ಕೇಳಿ. ಅಲ್ಲಿಂದ ಬಂದ ಮಕ್ಕಳು ಲೆಕ್ಕ ಮಾಡುವುದರಲ್ಲಿ ಗಟ್ಟಿ. ಎಡವುವುದು ಇಂಚು, ಅಡಿ, ಪೌಂಡಿನಲ್ಲಿ, ಡೈಮ್ ಮತ್ತು ಕ್ವಾರ್ಟರ್ ನಾಣ್ಯಗಳಲ್ಲಿ, ಉದ್ದುದ್ದ ಮಾತಿನ ಲೆಕ್ಕಗಳಲ್ಲಿ. ಲಕ್ಷಕ್ಕೆ ಅಲ್ಪವಿರಾಮ ಹಾಕುವ ಜಾಗವೂ ಇಲ್ಲಿ ಬೇರೆ. ಟೆಸ್ಟಿಗೆ ಮುಂಚೆ ಒಂದು ವಾರ ಇದನ್ನಷ್ಟೇ ತಿದ್ದಿಸಿ.

ಇನ್ನೊಂದು. ಸೇರಿಸುವಾಗ 'ಮನೆಯಲ್ಲಿ ಯಾವ ಭಾಷೆ' ಅಂತ ಒಂದು ಫಾರ್ಮ್ ಬರುತ್ತದೆ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಎಲ್‌ಪ್ಯಾಕ್, ಬಹಳ ರಾಜ್ಯಗಳಲ್ಲಿ ವಿಡಾ. ಹೆದರಿ 'ಇಂಗ್ಲಿಷ್' ಅಂತ ಬರೆಯುವವರಿದ್ದಾರೆ. ನಾನಂತೂ ನಿಜ ಬರೆಯಿರಿ ಅನ್ನುತ್ತೇನೆ. ಇಂಗ್ಲಿಷ್ ನೆರವು ಪಡೆಯುವ ಮಗು ಗಣಿತದ ಆನರ್ಸಿನಲ್ಲಿ ಕೂರಬಾರದು ಅಂತೇನಿಲ್ಲ. ಹಾಗಂತ ಯಾರಾದರೂ ಹೇಳಿದರೆ, ಎಲ್ಲಿ ಬರೆದಿದೆ ತೋರಿಸಿ ಅನ್ನಿ.

## ಗಣಿತದ ಕಥೆಯೇ ಬೇರೆ

ಎಲ್ಲರೂ ಗಣಿತದ ಬಗ್ಗೆ ಮಾತ್ರ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತಾರೆ?

ಯಾಕೆಂದರೆ ಅದು ಮೆಟ್ಟಿಲು. ಆಲ್ಜೀಬ್ರಾ 1, ಜಿಯಾಮೆಟ್ರಿ, ಆಲ್ಜೀಬ್ರಾ 2, ಪ್ರೀ-ಕ್ಯಾಲ್ಕುಲಸ್, ಕ್ಯಾಲ್ಕುಲಸ್. ಐದು ಮೆಟ್ಟಿಲು, ವರ್ಷಕ್ಕೊಂದು. ಹೈಸ್ಕೂಲಿಗೆ ಇರುವುದು ನಾಲ್ಕೇ ವರ್ಷ. ಹಾಗಾಗಿ 12ರಲ್ಲಿ ಕ್ಯಾಲ್ಕುಲಸ್ ಮುಟ್ಟಬೇಕಾದರೆ 8ರಲ್ಲೇ ಆಲ್ಜೀಬ್ರಾ 1 ಮುಗಿದಿರಬೇಕು. 8ರಲ್ಲಿ ಮುಗಿಸಲು 6, 7, 8ರ ಗಣಿತವನ್ನು ಎರಡೇ ವರ್ಷಕ್ಕೆ ಅದುಮಬೇಕು. ಅಂದರೆ ಕ್ಯಾಲ್ಕುಲಸ್ ಬೇಕೋ ಬೇಡವೋ ಅನ್ನುವ ಪ್ರಶ್ನೆ 11 ವರ್ಷದ ಮಗುವಿನ ಮುಂದೆ ಬಂದು ನಿಲ್ಲುತ್ತದೆ.

ಇದು ಎಷ್ಟು ಬಿಸಿ ವಿಷಯ ಅಂದರೆ, ಸ್ಯಾನ್ ಫ್ರಾನ್ಸಿಸ್ಕೋ ಡಿಸ್ಟ್ರಿಕ್ಟ್ 2014ರಲ್ಲಿ 8ನೇ ತರಗತಿಯ ಆಲ್ಜೀಬ್ರಾವನ್ನೇ ತೆಗೆದುಹಾಕಿತ್ತು. ಎಲ್ಲ ಮಕ್ಕಳೂ ಒಟ್ಟಿಗೆ ನಡೆಯಲಿ ಅನ್ನುವುದು ಉದ್ದೇಶ. ಹತ್ತು ವರ್ಷ ವಾದ ನಡೆಯಿತು. 2024ರ ಮಾರ್ಚಿನಲ್ಲಿ ಅದನ್ನು ವಾಪಸ್ ತನ್ನಿ ಅನ್ನುವ ಮಾತು ಮತಪತ್ರಕ್ಕೇ ಬಂತು. ಐದರಲ್ಲಿ ನಾಲ್ಕು ಮತ ಹೌದು ಅಂದವು.

ಒಂದು ಸಮಾಧಾನವೂ ಇದೆ. 8ರಲ್ಲಿ ತಪ್ಪಿದರೆ ಎಲ್ಲ ಮುಗಿಯಲಿಲ್ಲ. ಬೇಸಿಗೆ ಕೋರ್ಸು, ಒಂದೇ ವರ್ಷ ಎರಡು ಗಣಿತ ತಗೊಳ್ಳುವುದು, ಕಮ್ಯುನಿಟಿ ಕಾಲೇಜು, ಹೀಗೆ ಹೈಸ್ಕೂಲಿನಲ್ಲಿ ಮೆಟ್ಟಿಲು ಹಾರುವ ದಾರಿಗಳು ಬಹಳ ಕಡೆ ಇವೆ. ಕಷ್ಟ, ಆದರೆ ಮುಚ್ಚಿಲ್ಲ.

ಹಾಗಿದ್ರೆ ಏಳರಲ್ಲೇ ಆಲ್ಜೀಬ್ರಾ ಮುಗಿಸಿಬಿಟ್ರೆ ಇನ್ನೂ ಒಳ್ಳೇದಲ್ವಾ?

ಕೆಲವೇ ಮಕ್ಕಳಿಗೆ. ಏಳರಲ್ಲಿ ಆಲ್ಜೀಬ್ರಾ ಅಂದರೆ 11ರಲ್ಲಿ ಕ್ಯಾಲ್ಕುಲಸ್. 12ರಲ್ಲಿ ಮುಂದೇನು? ನಿಮ್ಮ ಹೈಸ್ಕೂಲಿನಲ್ಲಿ ಅದಕ್ಕೆ ಮೇಲಿನ ಗಣಿತ ಇದೆಯಾ, ಮೊದಲು ಅದನ್ನು ಕೇಳಿ.

ಅವಸರದ ಪೆಟ್ಟು ಏನು ಅನ್ನೋದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ನಾರ್ತ್ ಕ್ಯಾರೊಲಿನಾದ ಷಾರ್ಲೆಟ್-ಮೆಕ್ಲೆನ್‌ಬರ್ಗ್ ಡಿಸ್ಟ್ರಿಕ್ಟಿನಲ್ಲಿ 2000ದ ದಶಕದ ಆರಂಭದಲ್ಲಿ ಸಾಧಾರಣ ಅಂಕದ ಮಕ್ಕಳನ್ನೂ 8ರಲ್ಲೇ ಆಲ್ಜೀಬ್ರಾಗೆ ತಳ್ಳಿದರು. ಡ್ಯೂಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿ ನೋಡಿದಾಗ, ಹಾಗೆ ಬೇಗ ಹೋದ ಮಕ್ಕಳಿಗೆ ಆಲ್ಜೀಬ್ರಾ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿತ್ತು. ಮುಂದೆ ಜಿಯಾಮೆಟ್ರಿ ಪಾಸಾದವರೂ ಕಡಿಮೆ. ಬೇಗ ಹೊರಟವರು ಮುಂದಿನ ಮೆಟ್ಟಿಲಲ್ಲಿ ಎಡವಿದ್ದರು.

ಅದುಮಿದ ಕೋರ್ಸಿನಲ್ಲಿ ಮೊದಲು ಸೊರಗುವುದು ಅನುಪಾತ, ಶೇಕಡಾ, ಋಣ ಸಂಖ್ಯೆ. ಆಲ್ಜೀಬ್ರಾ ನಿಲ್ಲುವುದೇ ಅವುಗಳ ಮೇಲೆ. ತಳಪಾಯ ಹಸಿ ಇರುವಾಗ ಗೋಡೆ ಎಬ್ಬಿಸಿದ ಹಾಗೆ.

ಕುಮಾನ್, ರಷ್ಯನ್ ಮ್ಯಾತ್ ಥರದ ಟ್ಯೂಷನ್‌ಗೆ ಹಾಕಿದ್ರೆ ಆನರ್ಸ್ ಸಿಗತ್ತಾ?

ಟೆಸ್ಟ್ ದಾಟಲು ಸಹಾಯ ಆಗುತ್ತದೆ, ನಿಜ. ನಮ್ಮವರ ಮಕ್ಕಳಲ್ಲಿ ಎಷ್ಟೋ ಜನ ಹಾಗೇ ದಾಟಿರುತ್ತಾರೆ. ತೊಂದರೆ ಏನೆಂದರೆ, ಪಾಠವನ್ನು ಮೊದಲೇ ಹೊರಗೆ ಕಲಿತು ಬಂದ ಮಗು ಕ್ಲಾಸಿನಲ್ಲಿ ಆಕಳಿಸುತ್ತದೆ, ಹೊರಗಿನ ಕ್ಲಾಸ್ ನಿಂತ ದಿನ ಕೈಚೆಲ್ಲುತ್ತದೆ. ಆನರ್ಸಿನಲ್ಲಿ ಉಳಿಯಲು ವಾರಕ್ಕೆ ಎರಡು ದಿನ ಟ್ಯೂಷನ್ ಬೇಕೇ ಬೇಕು ಅಂತಾದರೆ, ಆ ಕ್ಲಾಸು ಮಗುವಿನ ಅಳತೆಯದಲ್ಲ.

ಗಣಿತ ಇಷ್ಟಪಡುವ ಮಗುವಾದರೆ ಬೇಗ ಓಡಿಸುವ ಬದಲು ಅಗಲಕ್ಕೆ ಬಿಡಿ. ಎಎಂಸಿ 8 ಅನ್ನುವ ಗಣಿತ ಸ್ಪರ್ಧೆ ಇದೆ, 40 ನಿಮಿಷದಲ್ಲಿ 25 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. 6ರಿಂದ 8ರ ಮಕ್ಕಳಿಗೆ ಅಂಥದ್ದೇ ಇನ್ನೊಂದು ಸ್ಪರ್ಧೆ ಮ್ಯಾತ್‌ಕೌಂಟ್ಸ್ ಇದೆ. ಅಲ್ಲಿ ಬೇಕಾದ್ದು ಮುಂದಿನ ವರ್ಷದ ಪಾಠವಲ್ಲ, ಇದೇ ಪಾಠವನ್ನು ತಿರುಗಿಸಿ ನೋಡುವ ಚುರುಕು.

ಇಂಗ್ಲಿಷ್, ಸೈನ್ಸ್, ಸೋಷಿಯಲ್‌ನಲ್ಲೂ ಆನರ್ಸ್ ತಗೋಬೇಕಾ?

ಮಗುವಿಗೆ ಇಷ್ಟವಿದ್ದರೆ ತಗೊಳ್ಳಲಿ. ಇವುಗಳಲ್ಲಿ ಮೆಟ್ಟಿಲಿನ ಲೆಕ್ಕ ಇಲ್ಲ. ಇವತ್ತು ಬಿಟ್ಟರೆ ಮುಂದಿನ ವರ್ಷ ಸೇರಬಹುದು. ಒಂದೇ ಆಯ್ದುಕೊಳ್ಳಿ ಅಂದರೆ ನಾನು ಇಂಗ್ಲಿಷ್ ಅನ್ನುತ್ತೇನೆ. ಹೆಚ್ಚು ಓದಿಸಿ, ಹೆಚ್ಚು ಬರೆಸಿ, ಬರೆದದ್ದನ್ನು ತಿದ್ದಿ ಕೊಡುವ ಟೀಚರ್ ಸಿಕ್ಕರೆ ಅದರ ಲಾಭ ಎಲ್ಲ ವಿಷಯಕ್ಕೂ ಹರಿಯುತ್ತದೆ. ನಮ್ಮ ಮನೆಗಳಲ್ಲಿ ಗಣಿತಕ್ಕೆ ಕೊಡುವ ಗಮನದ ಕಾಲುಭಾಗವೂ ಇದಕ್ಕೆ ಸಿಗುವುದಿಲ್ಲ.

## ಮನೆಯೊಳಗೆ

ಹೋಮ್‌ವರ್ಕ್ ಜಾಸ್ತಿಯಾಗಿ ಭರತನಾಟ್ಯ, ಕನ್ನಡ ಶಾಲೆ ಎಲ್ಲಾ ಬಿಡಿಸ್ಬೇಕಾಗತ್ತಾ?

ಹಾಳೆ ತಗೊಂಡು ಒಂದು ವಾರದ ಸಂಜೆಗಳನ್ನು ಬರೆಯಿರಿ. ಮೊದಲು ನಿದ್ದೆ ಬರೆಯಿರಿ. 12 ವರ್ಷದವರೆಗೆ 9ರಿಂದ 12 ಗಂಟೆ, 13 ದಾಟಿದ ಮೇಲೆ 8ರಿಂದ 10 ಗಂಟೆ ಬೇಕು ಅಂತ ನಿದ್ದೆಯ ವೈದ್ಯರು ಹೇಳುತ್ತಾರೆ. ಹೋಮ್‌ವರ್ಕಿಗೆ ಇಲ್ಲಿ ಹಳೆಯದೊಂದು ಲೆಕ್ಕವಿದೆ, ತರಗತಿಗೆ ಹತ್ತು ನಿಮಿಷ. 6ಕ್ಕೆ ಒಂದು ಗಂಟೆ, 8ಕ್ಕೆ 80 ನಿಮಿಷ. ಆನರ್ಸಿಗೆ ಇದರ ಮೇಲೆ ಎಷ್ಟು ಅಂತ ಆ ಕ್ಲಾಸಿನಲ್ಲಿ ಈಗ ಇರುವ ಮಗುವಿನ ತಾಯಿಯನ್ನು ಕೇಳಿ. ಟೀಚರ್ ಹೇಳುವುದಕ್ಕಿಂತ ಅವರ ಲೆಕ್ಕ ಸರಿಯಾಗಿರುತ್ತದೆ. ಉಳಿದ ಜಾಗದಲ್ಲಿ ನೃತ್ಯ, ಈಜು, ಸುಮ್ಮನೆ ಬಿದ್ದುಕೊಳ್ಳುವುದು ಎಲ್ಲ ಹಿಡಿಯಬೇಕು.

ಕನ್ನಡ ಶಾಲೆಯ ಬಗ್ಗೆ ನಾನು ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ. ಆದರೂ ಒಂದು ಮಾತು. ಎರಡು ಭಾಷೆ ಬಲ್ಲವರಿಗೆ ಡಿಪ್ಲೊಮಾ ಮೇಲೆ ಹಾಕುವ 'ಸೀಲ್ ಆಫ್ ಬೈಲಿಟರಸಿ' ಕ್ಯಾಲಿಫೋರ್ನಿಯಾದಲ್ಲಿ 2011ರಲ್ಲಿ ಶುರುವಾಗಿ ದೇಶವೆಲ್ಲ ಹಬ್ಬಿದೆ. ಅದಕ್ಕೆ ಬರೆಯುವ ಸ್ಟಾಂಪ್ ಪರೀಕ್ಷೆ ಕನ್ನಡದಲ್ಲೂ ಇದೆ. ಆರರಲ್ಲಿ ಬಿಟ್ಟ ಕನ್ನಡವನ್ನು ಹನ್ನೊಂದರಲ್ಲಿ ಮತ್ತೆ ಹಿಡಿಯುವುದು ಕಷ್ಟ.

ಮಗಳು ಬೇಡ ಅಂತಾಳೆ. ಫ್ರೆಂಡ್ಸ್ ಯಾರೂ ಆ ಕ್ಲಾಸಲ್ಲಿಲ್ಲವಂತೆ. ಏನು ಮಾಡೋದು?

'ಫ್ರೆಂಡ್ಸ್ ಇಲ್ಲ' ಅನ್ನುವುದು ಹನ್ನೆರಡರ ವಯಸ್ಸಿನಲ್ಲಿ ಸಣ್ಣ ಕಾರಣವಲ್ಲ. ಆದರೆ ಅದರ ಹಿಂದೆ 'ಅಲ್ಲಿ ನಾನು ದಡ್ಡಿ ಅನ್ನಿಸಿಕೊಂಡರೆ?' ಅನ್ನುವುದು ಅಡಗಿರಬಹುದು. ಕಾರಿನಲ್ಲಿ ಹೋಗುವಾಗ ಕೇಳಿ. ಮುಖ ನೋಡದೆ ಮಾತಾಡುವಾಗ ಮಕ್ಕಳು ನಿಜ ಹೇಳುತ್ತಾರೆ. ಆ ವಿಷಯ ಅವಳಿಗೆ ಇಷ್ಟವಿದ್ದು ಹೆದರಿಕೆ ಮಾತ್ರ ಇದ್ದರೆ, ಆರು ವಾರ ನೋಡೋಣ ಅನ್ನಿ. ವಿಷಯವೇ ಇಷ್ಟವಿಲ್ಲ ಅಂದರೆ ಬಿಟ್ಟುಬಿಡಿ.

ವಾಟ್ಸಾಪ್ ಗ್ರೂಪಲ್ಲಿ ಎಲ್ಲರ ಮಕ್ಕಳೂ ಆನರ್ಸಲ್ಲೇ ಇದ್ದಾರೆ. ನಮ್ಮವನೊಬ್ಬನೇ ಇಲ್ಲ.

ಇಲ್ಲದವರು ಗ್ರೂಪಿನಲ್ಲಿ ಬರೆಯುವುದಿಲ್ಲ.

## ಸಿಕ್ಕುಗಳು

ಸೇರಿಸಿದ ಮೇಲೆ ಸಿ ಬರ್ತಿದೆ. ಇಳಿಸಿಬಿಡೋದಾ?

ಸಿ ಎಲ್ಲಿಂದ ಬಂತು ಅಂತ ಮೊದಲು ಆನ್‌ಲೈನ್ ಗ್ರೇಡ್‌ಬುಕ್ಕಿನಲ್ಲಿ ನೋಡಿ. ಕೊಡದೇ ಬಿಟ್ಟ ಹೋಮ್‌ವರ್ಕಿನ ಸೊನ್ನೆಗಳಿಂದ ಬಂದ ಸಿ ಬೇರೆ, ಕೂತು ಓದಿಯೂ ಟೆಸ್ಟಿನಲ್ಲಿ ಬಂದ ಸಿ ಬೇರೆ. ಮೊದಲನೆಯದಕ್ಕೆ ಇಳಿಸುವುದು ಮದ್ದಲ್ಲ. ಎರಡನೆಯದು ಎರಡು ಅಧ್ಯಾಯ ಮುಂದುವರಿದರೆ ಇಳಿಸುವ ಮಾತು ಎತ್ತಿ.

ನಮ್ಮ ಮಗಳನ್ನು ನಾವು ಇಳಿಸಿದೆವು. ರಾತ್ರಿ ಹತ್ತೂವರೆಗೆ ಗಣಿತದ ಹಾಳೆ ಮುಂದೆ ಅಳು, ಬೆಳಿಗ್ಗೆ ಹೊಟ್ಟೆನೋವು. ಕ್ಲಾಸ್ ಬದಲಿಸುವ ಗಡುವು ಮುಗಿದಿದೆ ಅಂತ ಕೌನ್ಸೆಲರ್ ಮೊದಲು ಆಗಲ್ಲ ಅಂದರು. ಗಣಿತದ ಟೀಚರೇ ಬರೆದುಕೊಟ್ಟ ಮೇಲೆ ಆಯಿತು. ಆದರೆ ಒಂದು ಕ್ಲಾಸ್ ಸರಿಸಿದರೆ ಇಡೀ ವೇಳಾಪಟ್ಟಿ ಸರಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವಳ ಆರ್ಕೆಸ್ಟ್ರಾ ಕ್ಲಾಸ್ ಹೋಯಿತು, ಊಟದ ಹೊತ್ತು ಬದಲಾಯಿತು. ಗಣಿತಕ್ಕಿಂತ ಅವಳು ಅತ್ತಿದ್ದು ವಯಲಿನ್‌ಗೆ. ಅದಕ್ಕೇ ಕೇಳುವಾಗಲೇ ಹೇಳಿ, ಈ ಎಲೆಕ್ಟಿವ್ (ಮಗು ತಾನೇ ಆರಿಸಿಕೊಂಡ ವಿಷಯ) ಉಳಿಯಬೇಕು ಅಂತ. ಗಡುವು ಯಾವಾಗ ಅಂತ ಆಗಸ್ಟಿನಲ್ಲೇ ತಿಳಿದುಕೊಳ್ಳಿ.

ಮಗನಿಗೆ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ ತೊಂದರೆ. ಪರೀಕ್ಷೆಗೆ ಹೆಚ್ಚು ಸಮಯದಂಥ ಸೌಲಭ್ಯ ಕೊಡೋ 504 ಪ್ಲಾನ್ ಇದೆ. ಆನರ್ಸ್ ಬೇಕಾದ್ರೆ ಅದನ್ನ ಬಿಡಿ ಅಂತಾರೆ.

ಹಾಗೆ ಹೇಳುವಂತಿಲ್ಲ. ಅಂಗವೈಕಲ್ಯ ಇರುವವರ ಬಗ್ಗೆ ತಾರತಮ್ಯ ಮಾಡಬಾರದು ಅನ್ನುವ 1973ರ ಕಾನೂನಿನ 504ನೇ ಸೆಕ್ಷನ್ ಅದು. ಮೇಲ್ಮಟ್ಟದ ಕ್ಲಾಸಿಗೆ ಸೇರಲು ಹೆಚ್ಚು ಸಮಯದಂಥ ಸೌಲಭ್ಯ ಬಿಟ್ಟುಕೊಡಿ ಅಂತ ಷರತ್ತು ಹಾಕಬಾರದು ಅಂತ ಕೇಂದ್ರ ಶಿಕ್ಷಣ ಇಲಾಖೆ 2007ರಲ್ಲೇ ಪತ್ರ ಬರೆದು ಸ್ಪಷ್ಟ ಮಾಡಿದೆ. ಬಾಯಿಮಾತಿನಲ್ಲಿ ಹೇಳಿದ್ದನ್ನು ಇಮೇಲಿನಲ್ಲಿ ಬರೆದುಕೊಡಿ ಅಂತ ಕೇಳಿ. ಅಲ್ಲಿಗೇ ಬಹಳ ಸಲ ಮಾತು ಬದಲಾಗುತ್ತದೆ.

8ರ ಆಲ್ಜೀಬ್ರಾ ಗ್ರೇಡ್ ಹೈಸ್ಕೂಲ್ ದಾಖಲೆಗೆ ಬೀಳತ್ತಂತೆ. ಬಿ ಬಂದ್ರೆ ಅಳಿಸಬಹುದಾ?

ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವರ್ಜೀನಿಯಾದಲ್ಲಿ ಮಿಡ್ಲ್ ಸ್ಕೂಲಿನಲ್ಲಿ ತಗೊಂಡ ಹೈಸ್ಕೂಲ್ ಕೋರ್ಸನ್ನು ಟ್ರಾನ್ಸ್‌ಕ್ರಿಪ್ಟಿನಿಂದ ತೆಗೆಯಿರಿ ಅಂತ ಪೋಷಕರು ಕೇಳಬಹುದು. ಆಗ ಕ್ರೆಡಿಟ್ಟೂ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು 7, 8ರಲ್ಲಿ ಮುಗಿಸಿದ ಗಣಿತ ಮತ್ತು ಭಾಷೆಯನ್ನು ಸಿ ಅಥವಾ ಮೇಲೆ ಇದ್ದರೆ ಕೋರ್ಸಿನ ಲೆಕ್ಕಕ್ಕೆ ಹಿಡಿಯುತ್ತವೆ, ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಹಿಡಿಯುವುದಿಲ್ಲ. ಟೆಕ್ಸಸ್‌ನಲ್ಲಿ ಹುಷಾರು. ಅಲ್ಲಿ 1997ರ ಕಾನೂನಿನಿಂದಾಗಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸೇರಲು ಹೈಸ್ಕೂಲ್ ರ‍್ಯಾಂಕ್ ತುಂಬಾ ಮುಖ್ಯ. 8ರ ಆಲ್ಜೀಬ್ರಾವನ್ನು ರ‍್ಯಾಂಕಿಗೆ ಸೇರಿಸುತ್ತೀರಾ ಅಂತ ನಿಮ್ಮ ಡಿಸ್ಟ್ರಿಕ್ಟನ್ನು ಕೇಳದೆ ಟಿಕ್ ಹಾಕಬೇಡಿ.

ನಡುವೆ ಬೇರೆ ರಾಜ್ಯಕ್ಕೆ ಹೋಗೋ ಹಾಗಾದ್ರೆ? ನಮ್ಮವರ ಪ್ರಾಜೆಕ್ಟ್ ಯಾವಾಗ ಮುಗಿಯತ್ತೋ ಗೊತ್ತಿಲ್ಲ.

ಗಣಿತದಲ್ಲೇ ತೊಡಕು. ಕೆಲವು ಕಡೆ ಆಲ್ಜೀಬ್ರಾ, ಜಿಯಾಮೆಟ್ರಿ ಬೇರೆ ಬೇರೆ. ನಾರ್ತ್ ಕ್ಯಾರೊಲಿನಾದಲ್ಲಿ, ಕ್ಯಾಲಿಫೋರ್ನಿಯಾದ ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿ ಎರಡನ್ನೂ ಬೆರೆಸಿ ಮ್ಯಾತ್ 1, 2, 3 ಅಂತ ಮಾಡಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಹಾರಿದರೆ ಕೆಲವು ಅಧ್ಯಾಯ ಎರಡು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಹೊರಡುವ ಮೊದಲು ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಕೋರ್ಸಿನ ಸಿಲಬಸ್, ರಾಜ್ಯ ಪರೀಕ್ಷೆಯ ಅಂಕ, ಮ್ಯಾಪ್ ವರದಿ, ಪಠ್ಯಪುಸ್ತಕದ ಪರಿವಿಡಿಯ ಫೋಟೊ ಎಲ್ಲ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಹೊಸ ಸ್ಕೂಲಿನ ಕೌನ್ಸೆಲರ್‌ಗೆ ಪರಿವಿಡಿಯ ಮೇಲೆ ಮುಗಿದ ಅಧ್ಯಾಯಗಳಿಗೆ ಗುರುತು ಹಾಕಿ ತೋರಿಸಿ. 'ಆನರ್ಸ್‌ನಲ್ಲಿದ್ದಳು' ಅನ್ನುವುದಕ್ಕಿಂತ ಆ ಗುರುತುಗಳನ್ನು ಅವರು ಹೆಚ್ಚು ನಂಬುತ್ತಾರೆ.